ಮಾಡಿಸದ ಕಾರ್ಡಿಗೆ ಬಿಲ್ಲು ಬಂದರೆ

ಮೊದಲಿಗೇ ಹೇಳಿಬಿಡುತ್ತೇನೆ: ದುಡ್ಡು ಕಟ್ಟಬೇಡಿ.

ನಮ್ಮ ಕಡೆ ಆಗುವುದೇ ಹೀಗೆ. ಮಾಡಿಸದೇ ಇರುವ ಕ್ರೆಡಿಟ್ ಕಾರ್ಡಿಗೆ ಐನೂರೋ ಆರುನೂರೋ ರೂಪಾಯಿಯ ಬಿಲ್ಲು ಬರುತ್ತದೆ. ಇಷ್ಟಕ್ಕೆ ಯಾರು ಬ್ಯಾಂಕಿಗೆ ಅಲೆಯುತ್ತಾರೆ, ಹೋಗ್ಲಿ ಬಿಡು ಎಂದು ಮಗನ ಫೋನಿನಿಂದ ಕಟ್ಟಿಸಿ ಕೈ ತೊಳೆದುಕೊಳ್ಳುತ್ತಾರೆ. ಮುಂದಿನ ವರ್ಷ ಮತ್ತೆ ಬರುತ್ತದೆ. ಆಗ ‘ಈ ಕಾರ್ಡ್ ನನ್ನದಲ್ಲ’ ಎಂದು ಹೇಳಲು ಹೋದರೆ ಕೌಂಟರಿನ ಆ ಕಡೆಯಿಂದ ಒಂದೇ ಪ್ರಶ್ನೆ: ‘ನಿಮ್ಮದಲ್ಲದಿದ್ದರೆ ಹೋದ ವರ್ಷ ಯಾಕೆ ಕಟ್ಟಿದಿರಿ?’

ಅಂಕೋಲೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೊತೆಗೆ ಟೈಪಿಂಗ್, ಲ್ಯಾಮಿನೇಷನ್, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ. ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಕಾಗದ ಬಂದರೆ ಓದಿಸಿಕೊಳ್ಳಲು ಜನ ಬರುವುದೂ ಇಲ್ಲಿಗೇ. ಹಾಗಾಗಿ ಈ ಜಾತಿಯ ಕಾಗದಗಳನ್ನು ಸಾಕಷ್ಟು ನೋಡಿದ್ದೇನೆ, ಅವಕ್ಕೆ ಉತ್ತರವನ್ನೂ ಟೈಪ್ ಮಾಡಿಕೊಟ್ಟಿದ್ದೇನೆ. ಅದರಲ್ಲಿ ಒಂದನ್ನು ಹೇಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ಬೇಲೆಕೇರಿ ಕಡೆಯಿಂದ ಬರುವ, ಶಾಲೆಯಿಂದ ರಿಟೈರ್ ಆದ ಅಕ್ಕೋರು ಒಬ್ಬರಿದ್ದಾರೆ. ಮಳೆಗಾಲದಲ್ಲಿ ಒಂದು ದಿನ ಪ್ಲಾಸ್ಟಿಕ್ ಚೀಲದೊಳಗಿಂದ ಒಂದು ಲಕೋಟೆ ತೆಗೆದು, ‘ತಂಗಿ, ಇದು ಎಂಥದು ನೋಡೆ, ನಾ ಎಲ್ಲೂ ಕಾರ್ಡ್ ಮಾಡ್ಸಿದ್ದಿಲ್ಲ’ ಎಂದು ಮುಂದಿಟ್ಟರು. ಒಂದು ಖಾಸಗಿ ಬ್ಯಾಂಕಿನ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್. ವಾರ್ಷಿಕ ಶುಲ್ಕ 499 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 89 ರೂಪಾಯಿ 82 ಪೈಸೆ, ಒಟ್ಟು 588 ರೂಪಾಯಿ 82 ಪೈಸೆ. ಕಾರ್ಡ್ ಮಾತ್ರ ಅವರ ಕೈಗೆ ಬಂದೇ ಇರಲಿಲ್ಲ. ಅವರೂ ಕಟ್ಟಿಬಿಡುವ ಲೆಕ್ಕದಲ್ಲೇ ಇದ್ದರು.

ಬಂದದ್ದು ಯಾವ ಕಾಗದ?

ಗಾಬರಿ ಪಡುವ ಮೊದಲು ಇದನ್ನು ನೋಡಿ. ಎಲ್ಲ ಕಾಗದವೂ ಒಂದೇ ಅಲ್ಲ.

‘ನಿಮಗೆ ಕಾರ್ಡ್ ಮಂಜೂರಾಗಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಬಣ್ಣಬಣ್ಣದಲ್ಲಿ ಬರುವುದು ಬರೀ ಜಾಹೀರಾತು. ಪ್ರೀ-ಅಪ್ರೂವ್ಡ್ ಎಂದು ದೊಡ್ಡದಾಗಿ ಬರೆದಿರುತ್ತಾರೆ, ಆದರೆ ಕಾರ್ಡ್ ನಂಬರ್ ಇರುವುದಿಲ್ಲ, ಬಿಲ್ಲಿನ ಮೊತ್ತ ಇರುವುದಿಲ್ಲ. ಹೆಸರು, ವಿಳಾಸ ಇರುವ ಭಾಗ ಹರಿದು ಒಲೆಗೆ ಹಾಕಿ. ‘ಬೇಡ’ ಎಂದು ಹೇಳಲಿಕ್ಕೂ ಆ ನಂಬರಿಗೆ ಫೋನ್ ಮಾಡಬೇಕಾಗಿಲ್ಲ.

ಕಾರ್ಡೇ ಬಂದಿದ್ದರೆ, ಅಥವಾ ಕೊನೆಯ ನಾಲ್ಕು ಅಂಕಿ ಕಾಣುವ ಸ್ಟೇಟ್‌ಮೆಂಟ್ ಬಂದಿದ್ದರೆ, ಖಾತೆ ತೆರೆದಿದ್ದಾರೆ ಎಂದರ್ಥ. ಈ ಬರಹ ಇರುವುದು ಮುಖ್ಯವಾಗಿ ಅದಕ್ಕೇ. ಇದರಲ್ಲೂ ಒಂದು ವ್ಯತ್ಯಾಸ ಇದೆ. ಕಾರ್ಡ್ ನಿಮ್ಮ ಮನೆಗೇ ಬಂದರೆ, ಬ್ಯಾಂಕಿನ ಏಜೆಂಟರು ಟಾರ್ಗೆಟ್ ಮುಟ್ಟಿಸಲು ಮಾಡಿದ ಕೆಲಸ ಇರಬಹುದು. ಕಾರ್ಡ್ ಬಾರದೆ ಬಿಲ್ಲು ಮಾತ್ರ ಬಂದರೆ ಕಾರ್ಡ್ ಇನ್ಯಾರದೋ ಕೈಯಲ್ಲಿ ಇರಬಹುದು. ಆಗ ಒಂದು ಗಂಟೆಯೂ ತಡ ಮಾಡಬಾರದು.

ಮೂರನೆಯದು ಇಮೇಲ್, ಎಸ್ಸೆಮ್ಮೆಸ್, ವಾಟ್ಸಾಪ್. ಇದರಲ್ಲಿ ನಿಜದ್ದೂ ಇರುತ್ತದೆ, ಮೋಸದ್ದೂ ಇರುತ್ತದೆ. ‘ನಿಮ್ಮ ಕಾರ್ಡಿನಿಂದ 18 ಸಾವಿರ ಹೋಗಿದೆ, ನೀವಲ್ಲದಿದ್ದರೆ ಇಲ್ಲಿ ಒತ್ತಿ’ ಎಂದು ಬಂದರೆ ಒತ್ತಬೇಡಿ. ವಾಟ್ಸಾಪಿನಲ್ಲಿ ಸ್ಟೇಟ್‌ಮೆಂಟ್ ಎಂಬ ಹೆಸರಿನ ಎಪಿಕೆ ಫೈಲ್ ಬಂದರೆ ಅದು ಸ್ಟೇಟ್‌ಮೆಂಟೇ ಅಲ್ಲ, ನಿಮ್ಮ ಫೋನಿನೊಳಗೆ ಕೂರುವ ಆ್ಯಪ್. ಬ್ಯಾಂಕಿನ ವೆಬ್‌ಸೈಟನ್ನು ನೀವೇ ಟೈಪ್ ಮಾಡಿ ತೆರೆಯಿರಿ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬರಬೇಕು ಎಂದು ಆರ್‌ಬಿಐ ಹೇಳಿತ್ತು. ಅದನ್ನು ನೋಡಿಕೊಂಡರೆ ಅರ್ಧ ಗೊಂದಲ ಕಡಿಮೆ. ಬ್ಯಾಂಕ್ ಅಲ್ಲದ ಕಾರ್ಡ್ ಕಂಪನಿಗಳ ವಿಳಾಸ ಬೇರೆ ಥರ ಇರಬಹುದು.

ನಾಲ್ಕನೆಯದು ನಮ್ಮ ಊರುಗಳ ತಮಾಷೆ. ಒಂದೇ ಹೆಸರು, ಒಂದೇ ಅಡ್ಡಹೆಸರಿನ ನಾಲ್ಕು ಜನ ಒಂದೇ ಕೇರಿಯಲ್ಲಿ ಇರುತ್ತಾರೆ. ಮನೆ ನಂಬರ್ ಯಾರೂ ಬರೆಯುವುದಿಲ್ಲ. ‘ದೇವಸ್ಥಾನದ ಹತ್ತಿರ’ ಎಂದರೆ ಮುಗಿಯಿತು. ಹಾಗಾಗಿ ತಂದೆಯ ಹೆಸರು, ಪಿನ್‌ಕೋಡ್ ಸರಿಯಾಗಿ ನೋಡಿ. ನಿಮ್ಮದಲ್ಲ ಎಂದು ಗೊತ್ತಾದರೆ ಲಕೋಟೆ ಒಡೆಯದೆ, ‘ವಿಳಾಸದಾರರು ಇಲ್ಲಿಲ್ಲ’ ಎಂದು ಬರೆದು ಪೋಸ್ಟ್‌ಮನ್ ಕೈಗೇ ವಾಪಸ್ ಕೊಡಿ. ಬಸ್ ಸ್ಟಾಪಿನ ಕಿರಾಣಿ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅಂಥ ಅಂಗಡಿಯ ಮೊಳೆಗೆ ಸಿಕ್ಕಿಸಿದ ಕಾರ್ಡಿನ ಲಕೋಟೆ ವಾರಗಟ್ಟಲೆ ಅಲ್ಲೇ ಇರುವುದನ್ನು ನೋಡಿದ್ದೇನೆ.

ತೀರಿಹೋದವರ ಹೆಸರಿಗೆ ಬಂದರೂ ಎಸೆಯಬೇಡಿ. ಮರಣ ಪ್ರಮಾಣಪತ್ರದ ಪ್ರತಿಯ ಜೊತೆ ಬ್ಯಾಂಕಿಗೆ ಬರೆಯಿರಿ. ‘ಬೇಸರ ಆಗ್ತದೆ’ ಎಂದು ಸುಮ್ನೆ ಇದ್ದುಬಿಟ್ಟ ಮನೆಗಳಿವೆ, ಬಿಲ್ಲು ಬೆಳೆಯುತ್ತಾ ಹೋಗಿದೆ.

ಆ ದಿನವೇ ಮಾಡುವುದು

ಲಕೋಟೆಯನ್ನು ಇಟ್ಟುಕೊಳ್ಳಿ. ಜನ ಒಳಗಿನ ಕಾಗದ ಇಟ್ಟುಕೊಂಡು ಲಕೋಟೆ ಬಿಸಾಡುತ್ತಾರೆ. ಯಾವಾಗ ಹೊರಟಿತು, ಎಲ್ಲಿಂದ ಬಂತು, ಯಾವ ಕೊರಿಯರ್ ಎಂಬುದೆಲ್ಲ ಲಕೋಟೆಯ ಮೇಲೇ ಇರುತ್ತದೆ. ನಿಮಗೆ ಸಿಕ್ಕಿದ ದಿನಾಂಕವನ್ನು ಒಂದು ಮೂಲೆಯಲ್ಲಿ ಪೆನ್ನಿನಿಂದ ಬರೆಯಿರಿ.

ಕಾರ್ಡ್ ಬಂದಿದ್ದರೆ ಅದನ್ನು ಚಾಲೂ ಮಾಡಬೇಡಿ. ‘ಒಂದ್ ಸಲ ಉಜ್ಜಿ ನೋಡುವಾ’ ಎಂಬ ಆಸೆ ಬೇಡ. ಪಿನ್ ಹಾಕಬೇಡಿ, ಆ್ಯಪ್ ಇಳಿಸಬೇಡಿ. ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಭಾವನಿಗೋ ಅಣ್ಣನಿಗೋ ಕಳಿಸಬೇಡಿ. ಕತ್ತರಿಸುವುದೂ ಈಗಲೇ ಬೇಡ. ಬ್ಯಾಂಕಿನಿಂದ ‘ಮುಚ್ಚಿದ್ದೇವೆ’ ಎಂಬ ಉತ್ತರ ಬಂದ ಮೇಲೆ ಚಿಪ್ ಮತ್ತು ಹಿಂದಿನ ಕಪ್ಪು ಪಟ್ಟಿ ಎರಡೂ ತುಂಡಾಗುವ ಹಾಗೆ ಕತ್ತರಿಸಿ.

ಆಮೇಲೆ ಫೋನ್. ಕಾಗದದಲ್ಲಿ ಇರುವ ನಂಬರಿಗೆ ಅಲ್ಲ, ನೀವೇ ತೆರೆದ ವೆಬ್‌ಸೈಟಿನಲ್ಲಿ ಇರುವ ನಂಬರಿಗೆ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿದರೆ ಮೋಸದವರ ನಂಬರೂ ಮೇಲೆ ಬರುತ್ತದೆ. ಫೋನಿನಲ್ಲಿ ಎರಡೇ ಕೆಲಸ: ಕಾರ್ಡ್ ಬ್ಲಾಕ್ ಮಾಡಿಸುವುದು, ದೂರಿನ ನಂಬರ್ ಪಡೆಯುವುದು. ದೂರಿನ ನಂಬರ್ ಕೊಡದೆ ‘ನೋಟ್ ಮಾಡ್ಕೊಂಡಿದ್ದೇವೆ’ ಎಂದರೆ ಒಪ್ಪಬೇಡಿ.

ಇಲ್ಲಿ ಒಂದು ಕಡೆ ಬಹಳ ಜನ ಎಡವುತ್ತಾರೆ. ಅದು ಒಟಿಪಿ. ಆರ್‌ಬಿಐ 2022ರಲ್ಲಿ ತಂದ ಕಾರ್ಡ್ ನಿಯಮದ ಪ್ರಕಾರ, ಕೊಟ್ಟ ಕಾರ್ಡ್ 30 ದಿನ ಕಳೆದರೂ ಚಾಲೂ ಆಗದಿದ್ದರೆ, ಚಾಲೂ ಮಾಡಲು ನಿಮ್ಮ ಒಪ್ಪಿಗೆಯನ್ನು ಒಟಿಪಿ ಮೂಲಕ ಕೇಳಬೇಕು. ಒಪ್ಪಿಗೆ ಸಿಗದಿದ್ದರೆ, ಕೇಳಿದ ದಿನದಿಂದ 7 ಕೆಲಸದ ದಿನಗಳಲ್ಲಿ ಖಾತೆಯನ್ನು ಏನೂ ಶುಲ್ಕವಿಲ್ಲದೆ ಮುಚ್ಚಬೇಕು. ಅಂದರೆ ಆ ಒಟಿಪಿ ಹೇಳಿದಿರೋ, ‘ನನಗೆ ಕಾರ್ಡ್ ಬೇಕು’ ಎಂದ ಹಾಗೆ. ‘ಕಾರ್ಡ್ ಕ್ಯಾನ್ಸಲ್ ಮಾಡಿಕೊಡ್ತೇನೆ ಮೇಡಂ, ಒಂದು ಒಟಿಪಿ ಬಂದಿದೆ ನೋಡಿ ಹೇಳಿ’ ಎಂದು ಯಾರಾದರೂ ತಾವಾಗಿ ಫೋನ್ ಮಾಡಿದರೆ ಇಟ್ಟುಬಿಡಿ. ಅವರು ಮೋಸಗಾರರೇ ಆಗಿರಲಿ, ಟಾರ್ಗೆಟ್ ಹಿಂದೆ ಬಿದ್ದ ಏಜೆಂಟರೇ ಆಗಿರಲಿ, ಒಟಿಪಿ ಹೇಳಿದರೆ ನಷ್ಟ ನಿಮ್ಮದೇ. ಎಸ್ಸೆಮ್ಮೆಸ್ಸನ್ನು ಪೂರ್ತಿ ಓದಿ. ಒಟಿಪಿ ಯಾವುದಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ.

ನಿಮ್ಮ ಕೈಯಲ್ಲಿರುವ ನಿಯಮ

ಅದೇ 2022ರ ನಿಯಮದಲ್ಲಿ ಕೇಳದೇ ಕಾರ್ಡ್ ಕೊಡುವುದನ್ನು ಆರ್‌ಬಿಐ ನಿಷೇಧಿಸಿದೆ. ಒಪ್ಪಿಗೆ ಇಲ್ಲದೆ ಕಾರ್ಡ್ ಕೊಟ್ಟು, ಚಾಲೂ ಮಾಡಿ, ಬಿಲ್ಲು ಹಾಕಿದರೆ ಹಾಕಿದ ಶುಲ್ಕವನ್ನೆಲ್ಲ ತಕ್ಷಣ ತೆಗೆಯಬೇಕು. ಅಷ್ಟೇ ಅಲ್ಲ, ಆ ಮೊತ್ತದ ಎರಡು ಪಟ್ಟು ದಂಡವನ್ನು ನಿಮಗೆ ಕೊಡಬೇಕು. ಅಕ್ಕೋರ ಲೆಕ್ಕದಲ್ಲಿ 588 ರೂಪಾಯಿ 82 ಪೈಸೆ ರದ್ದು, ಮೇಲಿಂದ 1,177 ರೂಪಾಯಿ 64 ಪೈಸೆ. ಇಂಥ ಕಾರ್ಡನ್ನು ಬೇರೆಯವರು ದುರುಪಯೋಗ ಮಾಡಿದ್ದರೆ ಆ ನಷ್ಟವೂ ಕಾರ್ಡ್ ಕೊಟ್ಟವರದ್ದೇ, ನಿಮ್ಮದಲ್ಲ.

ಇದು ಗೊತ್ತಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ. ‘ಸರ್, ದಯವಿಟ್ಟು ಕ್ಯಾನ್ಸಲ್ ಮಾಡಿಕೊಡಿ’ ಎಂದು ಕೈ ಮುಗಿಯುವ ಕೆಲಸ ಇಲ್ಲ. ‘ನಾನು ಅರ್ಜಿ ಹಾಕಿದ್ದೇನೆ ಎನ್ನುತ್ತೀರಲ್ಲ, ಆ ಅರ್ಜಿ ತೋರಿಸಿ’ ಎಂದು ಕೇಳಬೇಕು. ನಾನು ಎಲ್ಲರಿಗೂ ಹೇಳುವುದು ಇದನ್ನೇ. ನಾನು ಕಾರ್ಡ್ ತೆಗೆದುಕೊಂಡಿಲ್ಲ ಎಂದು ಸಾಬೀತು ಮಾಡುವುದು ನಿಮ್ಮಿಂದ ಆಗದು, ಆಗಬೇಕಾಗಿಯೂ ಇಲ್ಲ. ತೆಗೆದುಕೊಂಡಿದ್ದಾರೆ ಎಂದು ಅವರು ತೋರಿಸಲಿ.

ಶಾಖೆಗೆ ಹೋದರೆ ‘ಕ್ರೆಡಿಟ್ ಕಾರ್ಡ್ ಬೇರೆ ಡಿಪಾರ್ಟ್‌ಮೆಂಟು, ನಮಗೆ ಸಂಬಂಧ ಇಲ್ಲ’ ಎನ್ನುತ್ತಾರೆ. ಅದು ಅವರ ಮನೆಯೊಳಗಿನ ವಿಷಯ. ಕಾಗದ ಕೊಟ್ಟು, ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಹಾಕುವುದಿಲ್ಲ ಎಂದರೆ ಜಗಳ ಬೇಡ. ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೇ ಸೇರಿಹೋಗಿದೆ, ಹಾಗಾಗಿ ಪೋಸ್ಟಾಫೀಸಿನಲ್ಲಿ ಹಳೆಯ ಹೆಸರು ಕೇಳಿ ಗೊಂದಲ ಪಡಬೇಡಿ.

ಪೋಸ್ಟಾಫೀಸಿನ ರಸೀದಿ ಬಗ್ಗೆ ನನ್ನ ಕಸುಬಿನ ಒಂದು ಮಾತು. ಅದು ಬಿಸಿಗೆ ಅಕ್ಷರ ಮೂಡುವ ಕಾಗದ. ಕೆಲವು ತಿಂಗಳಲ್ಲಿ ಅಕ್ಷರ ಮಾಸುತ್ತದೆ, ನಮ್ಮ ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ಅದೇ ದಿನ ಜೆರಾಕ್ಸ್ ಮಾಡಿಸಿ. ಲ್ಯಾಮಿನೇಷನ್ ಮಾಡಿಸಲು ಮಾತ್ರ ಕೊಡಬೇಡಿ. ಮಷಿನಿನ ಬಿಸಿಗೆ ಇಡೀ ರಸೀದಿ ಕಪ್ಪಗಾಗಿ ಹೊರಗೆ ಬರುತ್ತದೆ.

ಕಾಗದದಲ್ಲಿ ಏನು ಬರೆಯುವುದು

ನಾನು ಟೈಪ್ ಮಾಡಿಕೊಡುವುದು ಹೆಚ್ಚುಕಡಿಮೆ ಹೀಗೆ. ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ. ಇದರಲ್ಲಿ ಬರುವ ನೋಡಲ್ ಅಧಿಕಾರಿ ಎಂದರೆ ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವವರು, ಕ್ರೆಡಿಟ್ ಬ್ಯೂರೋ ಎಂದರೆ ಯಾರ ಹೆಸರಿನಲ್ಲಿ ಏನು ಸಾಲ ಇದೆ ಎಂಬ ದಾಖಲೆ ಇಡುವ ಕಂಪನಿ.

‘ಕ್ರೆಡಿಟ್ ಕಾರ್ಡ್ ವಿಭಾಗದ ನೋಡಲ್ ಅಧಿಕಾರಿಯವರಿಗೆ. ವಿಷಯ: ನಾನು ಅರ್ಜಿ ಹಾಕದ ಕ್ರೆಡಿಟ್ ಕಾರ್ಡ್, ಕೊನೆಯ ನಾಲ್ಕು ಅಂಕಿ ಇಂಥದ್ದು. ಈ ಕಾರ್ಡಿಗೆ ನಾನು ಅರ್ಜಿ ಕೊಟ್ಟಿಲ್ಲ, ಒಪ್ಪಿಗೆ ಕೊಟ್ಟಿಲ್ಲ. ಅದನ್ನು ಚಾಲೂ ಮಾಡಿಲ್ಲ, ಬಳಸಿಲ್ಲ. ಈ ಕಾರ್ಡಿನ ವಿಷಯ ನನಗೆ ಗೊತ್ತಾದದ್ದೇ ಇಂಥ ದಿನ ಬಂದ ನಿಮ್ಮ ಸ್ಟೇಟ್‌ಮೆಂಟಿನಿಂದ. ಫೋನಿನಲ್ಲಿ ಕೊಟ್ಟ ದೂರಿನ ನಂಬರ್ ಇಂಥದ್ದು.

‘ನೀವು ಮಾಡಬೇಕಾದದ್ದು: ಕಾರ್ಡ್ ಖಾತೆಯನ್ನು ಮುಚ್ಚಿ ನನಗೆ ಬರವಣಿಗೆಯಲ್ಲಿ ತಿಳಿಸಬೇಕು. ಹಾಕಿದ ಶುಲ್ಕ, ಬಡ್ಡಿ, ತೆರಿಗೆ ಎಲ್ಲವನ್ನೂ ರದ್ದು ಮಾಡಬೇಕು. ಕೇಳದೇ ಕೊಟ್ಟ ಕಾರ್ಡಿನ ಬಗ್ಗೆ ಆರ್‌ಬಿಐ ನಿಯಮದಲ್ಲಿರುವ ಎರಡು ಪಟ್ಟು ದಂಡವನ್ನು ಕೊಡಬೇಕು. ನನ್ನ ಹೆಸರಿನ ಅರ್ಜಿ, ಅದರ ಜೊತೆ ಕೊಟ್ಟ ದಾಖಲೆ, ಅರ್ಜಿಯಲ್ಲಿರುವ ಮೊಬೈಲ್ ನಂಬರ್ ಮತ್ತು ಇಮೇಲ್, ಕಾರ್ಡ್ ತಲುಪಿಸಿದ ವಿಳಾಸ, ಅದನ್ನು ಪಡೆದವರ ಸಹಿ, ಅರ್ಜಿ ತಂದ ಏಜೆಂಟರ ವಿವರ, ಇವುಗಳ ಪ್ರತಿ ಕೊಡಬೇಕು. ಕ್ರೆಡಿಟ್ ಬ್ಯೂರೋಗಳಿಗೆ ಈ ಖಾತೆಯ ಮಾಹಿತಿ ಕಳಿಸಿದ್ದರೆ ಅದನ್ನು, ಅರ್ಜಿಗಾಗಿ ಮಾಡಿದ ವಿಚಾರಣೆಯ ನಮೂದನ್ನೂ ಸೇರಿಸಿ, ತೆಗೆಸಬೇಕು.’

ಇಷ್ಟು ಸಾಕು. ಸಿಟ್ಟು, ಶಾಪ, ‘ನಾನು ಬಡವ’ ಎಂಬ ಮಾತು ಯಾವುದೂ ಬೇಡ. ಶಾಖೆಗೆ ಕನ್ನಡದಲ್ಲಿ ಕೊಡಿ, ಅದನ್ನೇ ಇಂಗ್ಲಿಷಿನಲ್ಲಿ ಇಮೇಲ್ ಮಾಡಿ. ನೋಡಲ್ ಅಧಿಕಾರಿಯ ವಿಳಾಸ ಬ್ಯಾಂಕಿನ ವೆಬ್‌ಸೈಟಿನಲ್ಲಿ ದೂರು ಪರಿಹಾರದ ಪುಟದಲ್ಲಿ ಇರುತ್ತದೆ. ಜೊತೆಗೆ ಆಧಾರ್ ಪ್ರತಿ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ. ಮೋಸದ ದೂರಿಗೂ ಪೂರ್ತಿ ಆಧಾರ್ ಹಂಚುತ್ತಾ ಹೋಗುವುದು ಯಾವ ಬುದ್ಧಿವಂತಿಕೆ?

ಅರ್ಜಿಯ ಪ್ರತಿ ಕೇಳುವುದು ಸುಮ್ನೆ ಅಲ್ಲ. ಅಕ್ಕೋರಿಗೆ ಬ್ಯಾಂಕಿನವರು ಕೊನೆಗೂ ಅದರ ಸ್ಕ್ಯಾನ್ ಕಳಿಸಿದರು. ಪ್ರಿಂಟ್ ತೆಗೆದು ಮುಂದಿಟ್ಟೆ. ಹೆಸರು ಸರಿ, ಪ್ಯಾನ್ ಸರಿ, ಹುಟ್ಟಿದ ದಿನ ಸರಿ. ಮೊಬೈಲ್ ನಂಬರ್ ಯಾರದೋ. ಕೆಳಗೆ ಇಂಗ್ಲಿಷಿನಲ್ಲಿ ಉರುಟಾದ ಒಂದು ಸಹಿ. ಅಕ್ಕೋರು ಕನ್ನಡಕ ಏರಿಸಿ ಅದನ್ನು ನೋಡಿ ನಕ್ಕರು. ಅವರು ಕೆಲಸಕ್ಕೆ ಸೇರಿದಾಗಿನಿಂದ ಪೆನ್ಷನ್ ಪುಸ್ತಕದವರೆಗೆ ಸಹಿ ಮಾಡಿದ್ದೆಲ್ಲ ಕನ್ನಡದಲ್ಲೇ. ಅದೇ ಪ್ರಿಂಟಿನ ಪಕ್ಕದಲ್ಲಿ ಅವರ ಪಾಸ್‌ಬುಕ್ಕಿನ ಸಹಿ ಇಟ್ಟು ಜೆರಾಕ್ಸ್ ಮಾಡಿ ಕಳಿಸಿದೆವು. ಆಮೇಲೆ ಬ್ಯಾಂಕಿನಿಂದ ಬಂದ ಇಮೇಲಿನ ಭಾಷೆ ಬಹಳ ಮೃದುವಾಗಿತ್ತು. ಶುಲ್ಕ ರದ್ದಾಯಿತು. ದಂಡದ ವಿಷಯಕ್ಕೆ ಮಾತ್ರ ಮೌನ. ನಿಯಮವನ್ನು ಮತ್ತೊಮ್ಮೆ ನೆನಪಿಸಿ ಬರೆದ ಮೇಲೆ ಅದೂ ಬಂತು.

ಕ್ರೆಡಿಟ್ ರಿಪೋರ್ಟ್ ನೋಡಿ

ಒಂದು ಕಾರ್ಡ್ ಮುಚ್ಚಿಸಿದರೆ ಕೆಲಸ ಮುಗಿಯುವುದಿಲ್ಲ. ನಿಮ್ಮ ಪ್ಯಾನ್ ಬಳಸಿ ಒಂದು ಕಾರ್ಡ್ ಮಾಡಿದವರು ಇನ್ನೊಂದು ಮಾಡಿರಬಹುದು, ಆ್ಯಪಿನಲ್ಲಿ ಸಾಲ ತೆಗೆದಿರಬಹುದು. ಅದು ಕಾಣುವುದು ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ನಿಮ್ಮ ಹೆಸರಿನ ಸಾಲ, ಕಾರ್ಡುಗಳ ಬಗ್ಗೆ ಕ್ರೆಡಿಟ್ ಬ್ಯೂರೋ ಇಟ್ಟಿರುವ ದಾಖಲೆಯಲ್ಲಿ.

ನಮ್ಮ ದೇಶದಲ್ಲಿ ಇಂಥ ಬ್ಯೂರೋಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. 2017ರಿಂದ ಈ ನಿಯಮ ಇದೆ. ಅವರ ವೆಬ್‌ಸೈಟಿಗೆ ಹೋದರೆ ದುಡ್ಡಿನ ಪ್ಲಾನ್‌ಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಉಚಿತ ರಿಪೋರ್ಟಿನ ಕೊಂಡಿ ಎಲ್ಲೋ ಮೂಲೆಯಲ್ಲಿ ಸಣ್ಣದಾಗಿರುತ್ತದೆ. ಹುಡುಕಿ.

ರಿಪೋರ್ಟ್ ಸಿಕ್ಕಿದಾಗ ಎಲ್ಲರೂ ಮೊದಲು ಸ್ಕೋರ್ ನೋಡುತ್ತಾರೆ. ಸ್ಕೋರ್ ಬಿಡಿ. ಖಾತೆಗಳ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಸಾಲ, ಕಾರ್ಡ್ ಇದೆಯೇ ನೋಡಿ. ಆಮೇಲೆ ವಿಚಾರಣೆಯ ಪಟ್ಟಿ, ಎನ್‌ಕ್ವೈರಿ ಎಂದಿರುತ್ತದೆ. ನಿಮ್ಮ ಹೆಸರಿನಲ್ಲಿ ಯಾರು ಯಾರು ಸಾಲ ಕೇಳಿದ್ದರು ಎಂಬುದು ಅಲ್ಲಿ ದಿನಾಂಕದ ಸಮೇತ ಇರುತ್ತದೆ. ಕೊನೆಗೆ ವಿಳಾಸ ಮತ್ತು ಫೋನ್ ನಂಬರಿನ ಭಾಗ. ಜನ ಇದನ್ನು ಓದುವುದೇ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕಥೆ ಹೇಳುವುದು ಅದೇ. ಅಂಕೋಲೆ ಬಿಟ್ಟು ಎಲ್ಲೂ ಇರದವರ ರಿಪೋರ್ಟಿನಲ್ಲಿ ದೂರದ ಯಾವುದೋ ಊರಿನ ವಿಳಾಸ ಇದ್ದರೆ, ನಿಮ್ಮ ದಾಖಲೆ ಎಲ್ಲಿ ಓಡಾಡುತ್ತಿದೆ ಎಂದು ಗೊತ್ತಾಗುತ್ತದೆ.

ತಪ್ಪು ಇದ್ದರೆ ಅದೇ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್, ಅಂದರೆ ತಕರಾರು, ಹಾಕಬಹುದು, ಅದಕ್ಕೆ ದುಡ್ಡಿಲ್ಲ. 30 ದಿನದಲ್ಲಿ ಸರಿಮಾಡದಿದ್ದರೆ, ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ಆರ್‌ಬಿಐ ಹೇಳಿದೆ. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ನಿಮ್ಮ ರಿಪೋರ್ಟನ್ನು ಯಾರಾದರೂ ತೆಗೆದು ನೋಡಿದರೆ ನಿಮಗೆ ಎಸ್ಸೆಮ್ಮೆಸ್ ಅಥವಾ ಇಮೇಲ್ ಬರಬೇಕು ಎಂಬ ನಿಯಮವೂ ಅದೇ ಹೊತ್ತಿಗೆ ಬಂದದ್ದು.

ಆ ಎಸ್ಸೆಮ್ಮೆಸ್ ಬರುವುದು ಯಾವ ನಂಬರಿಗೆ? ನಮ್ಮ ಜಿಲ್ಲೆಯ ಸಮಸ್ಯೆ ಅಲ್ಲೇ ಇದೆ. ಶಿರಸಿ, ಯಲ್ಲಾಪುರ, ಜೋಯಿಡಾ ಕಡೆಯ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ತೋಟದ ದರೆ ಹತ್ತಬೇಕು. ಒಟಿಪಿ ಬರಲಿ ಎಂದು ಪೇಟೆಯಲ್ಲಿರುವ ಮಗಳದ್ದೋ ಸೊಸೈಟಿಯಲ್ಲಿ ಕೆಲಸ ಮಾಡುವ ಪರಿಚಯದವರದ್ದೋ ನಂಬರ್ ಬ್ಯಾಂಕಿಗೆ ಕೊಟ್ಟಿರುತ್ತಾರೆ. ಕೆಲವರು ಅರ್ಜಿ ತುಂಬಿದ ಅಂಗಡಿಯವರ ನಂಬರನ್ನೇ ಕೊಡುತ್ತಾರೆ. ನನ್ನ ನಂಬರ್ ಕೊಡಿ ಎಂದು ಕೇಳಿದವರಿಗೆಲ್ಲ ಆಗುವುದಿಲ್ಲ ಎಂದಿದ್ದೇನೆ, ಅದಕ್ಕೆ ಮುನಿಸಿಕೊಂಡವರೂ ಇದ್ದಾರೆ. ನಿಮ್ಮ ಬ್ಯಾಂಕು, ಆಧಾರ್, ಪ್ಯಾನ್ ಮೂರರಲ್ಲೂ ಯಾವ ನಂಬರ್ ಇದೆ ಎಂದು ಒಂದು ದಿನ ಕೂತು ನೋಡಿ. ನಿಮ್ಮ ಮನೆಯ, ನೀವು ದಿನಾ ನೋಡುವ ನಂಬರೇ ಇರಲಿ.

ಪೊಲೀಸರ ಹತ್ತಿರ ಯಾವಾಗ?

ಶುಲ್ಕ ಮಾತ್ರ ಬಿದ್ದಿದ್ದು, ಬ್ಯಾಂಕು ಸರಿಮಾಡುತ್ತಿದ್ದರೆ ಪೊಲೀಸರ ತನಕ ಹೋಗುವ ಅಗತ್ಯ ಬೀಳದಿರಬಹುದು. ಆದರೆ ಕಾರ್ಡಿನಲ್ಲಿ ಯಾರೋ ಖರೀದಿ ಮಾಡಿದ್ದಾರೆ, ಸುಳ್ಳು ಸಹಿ ಇದೆ, ರಿಪೋರ್ಟಿನಲ್ಲಿ ಬೇರೆ ಸಾಲಗಳೂ ಕಾಣುತ್ತಿವೆ ಎಂದಾದರೆ ದೂರು ಕೊಡಲೇಬೇಕು. ನಿಮ್ಮ ಖಾತೆಯಿಂದಲೇ ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇರೆ ಎಲ್ಲ ಆಮೇಲೆ. ಬೇಗ ಹೇಳಿದಷ್ಟು ಹಣ ತಡೆಯುವ ಸಾಧ್ಯತೆ ಜಾಸ್ತಿ. ಆನ್‌ಲೈನ್ ದೂರಿಗೆ ಸರ್ಕಾರದ ಸೈಬರ್‌ಕ್ರೈಮ್ ಪೋರ್ಟಲ್ ಇದೆ, ವಿಳಾಸ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್. ಸೈಬರ್ ಅಪರಾಧಗಳನ್ನು ನೋಡುವ, ನಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಕಾರವಾರದಲ್ಲಿದೆ.

ಶಿರಸಿಯವರೋ ಭಟ್ಕಳದವರೋ ಇದಕ್ಕಾಗಿ ಕಾರವಾರಕ್ಕೆ ಬಸ್ಸು ಹತ್ತಲೇಬೇಕು ಎಂದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇನ್ನೊಬ್ಬರ ಗುರುತು ಬಳಸಿ ಮೋಸ ಮಾಡುವುದಕ್ಕೆ ಐಟಿ ಕಾಯ್ದೆಯ 66ಸಿ ಕಲಮು ಇದೆ, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ದೂರಿನ ಪ್ರತಿಯನ್ನು ಬ್ಯಾಂಕಿಗೂ ಬ್ಯೂರೋಗೂ ಕಳಿಸಿ.

ವಸೂಲಿಯವರು ಫೋನ್ ಮಾಡಿದರೆ ಹೆದರಬೇಡಿ. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಅವರು ಕರೆ ಮಾಡುವ ಹಾಗಿಲ್ಲ. ದೂರಿನ ನಂಬರ್ ಹೇಳಿ, ‘ಏನಿದ್ದರೂ ಬರೆದು ಕಳಿಸಿ’ ಎಂದು ಇಡಿ. ಅವರು ಕೊಡುವ ‘ಅರ್ಧ ಕಟ್ಟಿ, ಸೆಟ್ಲ್ ಮಾಡುವಾ’ ಎಂಬ ಸಲಹೆ ಎಲ್ಲಕ್ಕಿಂತ ಕೆಟ್ಟದ್ದು. ಕಟ್ಟಿದರೆ ಸಾಲ ನಿಮ್ಮದೇ ಎಂದಾಯಿತು, ರಿಪೋರ್ಟಿನಲ್ಲಿ ‘ಸೆಟಲ್ಡ್’ ಎಂಬ ಕಲೆ ಬೇರೆ.

ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಇಲ್ಲದಿದ್ದರೆ, ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ, ದೂರು ಕೊಡಬಹುದು. ಫೀಸಿಲ್ಲ, ವಕೀಲರು ಬೇಕಾಗಿಲ್ಲ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಒಆರ್‌ಜಿ ಡಾಟ್ ಇನ್ ಎಂಬ ಪೋರ್ಟಲಿನಲ್ಲಿ ಹಾಕಬೇಕು. ಹೇಗೆ ಎಂದು ಕೇಳಲು 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಬ್ಯಾಂಕಿಗೆ ಮೊದಲು ಬರೆಯದೆ ನೇರ ಅಲ್ಲಿಗೆ ಹೋದರೆ ದೂರು ವಾಪಸ್ ಬರುತ್ತದೆ. ಸೀಲು ಹಾಕಿಸಿದ ಪ್ರತಿ ಕೆಲಸಕ್ಕೆ ಬರುವುದು ಆಗಲೇ. ಕ್ರೆಡಿಟ್ ಬ್ಯೂರೋ ಮಾತು ಕೇಳದಿದ್ದರೂ ಇದೇ ದಾರಿ.

ದಾಖಲೆ ಸೋರುವುದು ಎಲ್ಲಿಂದ

ಅಂಗಡಿಯವಳಾಗಿ ಇದನ್ನು ಹೇಳದೆ ಬಿಡಲಾರೆ. ದಿನಾ ಸಂಜೆ ಜೆರಾಕ್ಸ್ ಮಷಿನಿನ ಮುಚ್ಚಳ ಎತ್ತಿದರೆ ಗಾಜಿನ ಮೇಲೆ ಯಾರದಾದರೂ ಆಧಾರ್ ಕಾರ್ಡ್ ಮಲಗಿರುವುದು ಅಪರೂಪವಲ್ಲ. ಪ್ರತಿ ತೆಗೆದುಕೊಂಡು ಮೂಲವನ್ನೇ ಬಿಟ್ಟು ಹೋಗುತ್ತಾರೆ. ಕಪ್ಪಾಗಿ ಬಂದ ಹಾಳು ಪ್ರತಿಯನ್ನು ‘ನಿಮಗೇ ಇರಲಿ’ ಎಂದು ಬಿಡುತ್ತಾರೆ. ಅದನ್ನೂ ಕೇಳಿ ತೆಗೆದುಕೊಂಡು ಹೋಗಿ. ವಾಟ್ಸಾಪಿನಲ್ಲಿ ಅಂಗಡಿಗೆ ಪ್ಯಾನ್, ಆಧಾರ್ ಕಳಿಸಿದರೆ, ಪ್ರಿಂಟ್ ಆದ ಕೂಡಲೇ ನಿಮ್ಮ ಕಡೆಯಿಂದ ಎಲ್ಲರಿಗೂ ಅಳಿಸಿ, ಅಂಗಡಿಯ ಕಂಪ್ಯೂಟರಿನಿಂದಲೂ ಅಳಿಸಲು ನಿಂತು ಹೇಳಿ. ನನಗೆ ಹೇಳಿದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರತಿಯ ಮೇಲೆ ಯಾವುದಕ್ಕೆ ಕೊಟ್ಟದ್ದು ಎಂದು ಬರೆಯಬೇಕು ಎಂಬುದು ಈಗ ಬಹಳ ಜನಕ್ಕೆ ಗೊತ್ತು. ಆದರೆ ಜನ ಬರೆಯುವುದು ಬಿಳಿ ಜಾಗದಲ್ಲಿ. ಬಿಳಿ ಜಾಗದ ಬರಹದ ಮೇಲೆ ಒಂದು ಚೂರು ಕಾಗದ ಇಟ್ಟು ಮತ್ತೆ ಜೆರಾಕ್ಸ್ ಹೊಡೆದರೆ ಬರಹ ಮಾಯ, ಹೊಸ ಪ್ರತಿ ರೆಡಿ. ಹಾಗಾಗಿ ಅಚ್ಚಾದ ಅಕ್ಷರ, ಫೋಟೋದ ಅಂಚು ಇವನ್ನು ದಾಟಿಕೊಂಡು ಓರೆಯಾಗಿ ಬರೆಯಿರಿ: ‘ಸಿಮ್ ಕಾರ್ಡಿಗೆ ಮಾತ್ರ’, ಕೆಳಗೆ ದಿನಾಂಕ. ನಂಬರ್ ಓದಲು ಬಂದರೆ ಸಾಕು.

ಬ್ಯಾಂಕಿನಲ್ಲಿ ಎಫ್‌ಡಿ ಮುಂದುವರಿಸುವಾಗ, ಖಾತೆ ತೆರೆಯುವಾಗ ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿಸುತ್ತಾರಲ್ವಾ? ಪ್ರತಿ ಹಾಳೆಯೂ ಯಾವುದಕ್ಕೆ ಎಂದು ಕೇಳಿ. ಕಾರ್ಡ್ ಬೇಡ ಎಂದಾದರೆ ಆ ಭಾಗಕ್ಕೆ ಅಡ್ಡಗೆರೆ ಎಳೆದು ‘ಬೇಡ’ ಎಂದು ಬರೆಯಿರಿ. ಹಿಂದೆ ಕ್ಯೂ ಇದ್ದರೂ ಪರವಾಗಿಲ್ಲ.

ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿಡುವುದು ಒಳ್ಳೆಯದು, ಆದರೆ ರೇಷನ್ ಅಂಗಡಿಗೆ ಹೋಗುವ ಮೊದಲು ಅನ್‌ಲಾಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಹೆಬ್ಬೆಟ್ಟು ತೆಗೆದುಕೊಳ್ಳದೆ ಅಕ್ಕಿ ಸಿಗುವುದಿಲ್ಲ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸಂಚಾರ್ ಸಾಥಿ ಪೋರ್ಟಲಿನಲ್ಲಿ ನೋಡಬಹುದು. ನಿಮ್ಮದಲ್ಲದ್ದು ಇದ್ದರೆ ಅಲ್ಲೇ ತಿಳಿಸಬಹುದು.

ಕಾರ್ಡ್ ಮುಚ್ಚಿದ ಕಾಗದ ಬಂದ ಮೇಲೂ ಎರಡು ಮೂರು ತಿಂಗಳು ಬಿಟ್ಟು ರಿಪೋರ್ಟನ್ನು ಮತ್ತೆ ನೋಡಿ. ಬ್ಯಾಂಕು ‘ತೆಗೆದಿದ್ದೇವೆ’ ಎಂದರೂ ಒಂದು ಬ್ಯೂರೋದಲ್ಲಿ ಉಳಿದುಬಿಟ್ಟಿರುತ್ತದೆ. ನಾಲ್ಕೂ ಉಚಿತ ರಿಪೋರ್ಟನ್ನು ಒಂದೇ ದಿನ ತೆಗೆದು ಖರ್ಚು ಮಾಡಬೇಡಿ. ಗಲಾಟೆ ಎಲ್ಲ ಮುಗಿದವರು ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು, ಜುಲೈಯಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು ಎಂದು ಹಂಚಿಕೊಂಡರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ, ಕಾಸೂ ಖರ್ಚಿಲ್ಲ. ಪ್ರಿಂಟ್ ಬೇಕು ಎಂದರೆ ಮಾತ್ರ ಅಂಗಡಿಗೆ ಬನ್ನಿ.